ಜ್ವರಕ್ಕೆ ಕೂತ ಜೇಡ

ಪ್ರಶ್ನೆ: ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಮನೆಯಲ್ಲಿ ಸುಮಾರು ನಾಲ್ಕು ವರ್ಷದ ಮೆಕ್ಸಿಕನ್ ರೆಡ್ ನೀ ಟರಾಂಟುಲಾ ಅನ್ನುವ ದೊಡ್ಡ ಜೇಡ ಇದೆ. ಏಳು ವಾರ ಏನೂ ತಿಂದಿರಲಿಲ್ಲ. ಹತ್ತು ದಿನದ ಹಿಂದೆ ರಾತ್ರಿ ಊಟ ಮುಗಿಸಿ ನೋಡಿದರೆ ಅಂಗಾತ ಬಿದ್ದಿತ್ತು. ಸತ್ತೇಹೋಯಿತು ಅಂದುಕೊಂಡು ಚಮಚದಲ್ಲಿ ಮಗುಚಿ ನೆಟ್ಟಗೆ ಕೂರಿಸಿದೆ. ಕಾಲು ಅಲ್ಲಾಡಿತು, ಗಾಬರಿಯಾಗಿ ಹಾಗೇ ಬಿಟ್ಟೆ. ಬೆಳಗ್ಗೆ ಎದ್ದಾಗ ಪಕ್ಕದಲ್ಲಿ ಇನ್ನೊಂದು ಜೇಡ ಕೂತಹಾಗೆ ಪೊರೆ ಬಿದ್ದಿತ್ತು. ಆದರೆ ಎಡಗಡೆಯ ಮೂರನೆಯ ಕಾಲು ಹಳೇ ಪೊರೆಯಲ್ಲೇ ಸಿಕ್ಕಿಕೊಂಡು ಉಳಿದುಹೋಗಿದೆ. ತಪ್ಪು ನನ್ನದೇ? ಕಾಲು ಮತ್ತೆ ಬರುತ್ತದೆಯೇ? ಈಗ ಆಹಾರ ಕೊಡಬಹುದೇ? ಮುಂದಿನ ಸಲ ಮೊದಲೇ ಗೊತ್ತು ಮಾಡಿಕೊಳ್ಳುವುದು ಹೇಗೆ? ನೀರು ಚಿಮುಕಿಸಬೇಕು ಅಂತ ಒಬ್ಬರು, ಕೂಡದು ಅಂತ ಇನ್ನೊಬ್ಬರು ಹೇಳುತ್ತಾರೆ. ಆ ಪೊರೆಯನ್ನು ಷೋಕೇಸಿನಲ್ಲಿ ಇಡಬಹುದೇ ಅಂತ ಅಮ್ಮ ಕೇಳುತ್ತಿದ್ದಾರೆ.

ಉತ್ತರ: ಕಾಲಿನ ವಿಷಯ ಮೊದಲು, ಏಕೆಂದರೆ ನೀವು ಹತ್ತು ದಿನದಿಂದ ಅದರಲ್ಲೇ ಕೊರಗುತ್ತಿರುವಂತಿದೆ. ಬರುತ್ತದೆ. ಮುಂದಿನ ಪೊರೆ ಬಿಡುವಾಗ ಆ ಜಾಗದಲ್ಲಿ ಒಂದು ಕಾಲು ಇರುತ್ತದೆ. ಸಣ್ಣದು, ತೆಳ್ಳನೆಯದು, ಬಣ್ಣವೂ ಸ್ವಲ್ಪ ಪೇಲವ. ಅದರ ಮುಂದಿನ ಒಂದೆರಡು ಪೊರೆಗಳಲ್ಲಿ ಉಳಿದ ಏಳಕ್ಕೆ ಸಮನಾಗುತ್ತದೆ. ರೆಡ್ ನೀ ನಿಧಾನಸ್ಥ ಜಾತಿ, ಈ ವಯಸ್ಸಿನಲ್ಲಿ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಪೊರೆ ಬಿಡುತ್ತದೆ, ಆದ್ದರಿಂದ ಎರಡು ಮೂರು ವರ್ಷ ಕಾಯಬೇಕಾದೀತು. ಅಲ್ಲಿಯವರೆಗೆ ಏಳು ಕಾಲಿನಲ್ಲಿ ಅದಕ್ಕೆ ಯಾವ ತೊಂದರೆಯೂ ಇಲ್ಲ. ಜೇಡಗಳು ಸಿಕ್ಕಿಕೊಂಡ ಕಾಲನ್ನು ಮೈಗೆ ಹತ್ತಿರದ ಗೆಣ್ಣಿನಲ್ಲಿ ತಾವೇ ಕಳಚಿಬಿಡುತ್ತವೆ. ಅಲ್ಲಿ ಗಾಯ ಬೇಗ ಬಿಗಿದುಕೊಳ್ಳುತ್ತದೆ. ಹತ್ತು ದಿನವಾಗಿಯೂ ಅದು ಓಡಾಡುತ್ತಿದೆ ಅಂದರೆ ರಕ್ತಸ್ರಾವದ ಭಯ ಕಳೆಯಿತು.

ತಪ್ಪು ನಿಮ್ಮದೇ ಅಂತ ಆಣೆ ಮಾಡಿ ಹೇಳಲಾರೆ. ಯಾರೂ ಮುಟ್ಟದಿದ್ದರೂ ಕೆಲವೊಮ್ಮೆ ಕಾಲು ಸಿಕ್ಕಿಕೊಳ್ಳುತ್ತದೆ. ಆದರೆ ಮಗುಚಿದ್ದು ತಪ್ಪು, ಅದರಲ್ಲಿ ಸಂಶಯ ಬೇಡ. ಏಕೆ ತಪ್ಪು ಅನ್ನುವುದು ಮನಸ್ಸಿಗೆ ಕೂತರೆ ನಿಮ್ಮ ಉಳಿದ ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕ ಹಾಗೆ.

ನಾನು ಬೆಳೆದದ್ದು ಮಂಡ್ಯ ಜಿಲ್ಲೆಯ ಒಂದು ಹುಳು ಮನೆಯಲ್ಲಿ, ಅಂದರೆ ರೇಷ್ಮೆ ಹುಳು ಸಾಕುವ ಮನೆಯಲ್ಲಿ. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಇದಕ್ಕೆ ಜ್ವರ ಅನ್ನುತ್ತಾರೆ: ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಹುಳು ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ಅಲ್ಲಾಡದೆ ಕೂತರೆ "ಜ್ವರಕ್ಕೆ ಕೂತವೆ" ಅಂತ ಅಜ್ಜಿ ಘೋಷಿಸುತ್ತಿದ್ದಳು. ಆಮೇಲೆ ಸುಮಾರು ಒಂದು ದಿನ ತಟ್ಟೆಯ ಹತ್ತಿರ ಮಕ್ಕಳು ಸುಳಿಯುವಂತಿರಲಿಲ್ಲ. ನಾನೊಮ್ಮೆ ಸತ್ತಿದೆಯೇನೋ ಅಂತ ಒಂದು ಹುಳುವನ್ನು ಕಡ್ಡಿಯಿಂದ ತಿರುಗಿಸಿದ್ದೆ. "ಮುಟ್ಬ್ಯಾಡ ಕಣ್ಲಾ, ಕಾಲು ಊರ್ಕೊಂಡಿರ್ತದೆ, ಕಿತ್ರೆ ಪೊರೆ ಬುಡಾಕಾಗಲ್ಲ" ಅಂತ ಬೆನ್ನಿಗೆ ಒಂದು ಕೊಟ್ಟಳು. ಪ್ರಾಣಿಶಾಸ್ತ್ರ ಓದಿ, ಅದನ್ನೇ ಪಾಠ ಮಾಡಿ ನಿವೃತ್ತನಾದ ಮೇಲೂ ಟರಾಂಟುಲಾ ಸಾಕುವವರಿಗೆ ನಾನು ಹೇಳುವುದು ಅಜ್ಜಿಯ ಮಾತನ್ನೇ. ಹುಳು ಹಳೇ ಚರ್ಮವನ್ನು ಹಾಸಿಗೆಗೆ ಅಂಟಿಸಿಕೊಂಡು ಅದರಿಂದ ಮುಂದಕ್ಕೆ ತೆವಳಿ ಹೊರಬರುತ್ತದೆ. ನಿಮ್ಮ ಜೇಡವೂ ಅಷ್ಟೆ, ನೆಲದ ಮೇಲೆ ತೆಳ್ಳಗೆ ಬಲೆಯ ಚಾಪೆ ನೇಯ್ದು, ಅದರ ಮೇಲೆ ಅಂಗಾತ ಮಲಗಿ, ಎಂಟೂ ಕಾಲಿಗೆ ಎಳೆದುಕೊಳ್ಳಲು ಜಾಗ ಮಾಡಿಕೊಂಡಿತ್ತು. ಚಮಚ ಅದನ್ನು ಹಾಸಿಗೆಯಿಂದ ಎಬ್ಬಿಸಿ ಅದರ ಕಾಲ ಮೇಲೇ ಕೂರಿಸಿತು.

ಸತ್ತಿದೆಯೋ ಪೊರೆ ಬಿಡುತ್ತಿದೆಯೋ ಅನ್ನುವುದಕ್ಕೆ ಸುಲಭದ ಗುರುತು ಇದೆ. ಜೇಡದ ಕಾಲಿನ ಮುಖ್ಯ ಕೀಲುಗಳಲ್ಲಿ ಮಡಚಲು ಸ್ನಾಯು ಉಂಟು, ಚಾಚಲು ಇಲ್ಲ. ಚಾಚುವ ಕೆಲಸ ಮಾಡುವುದು ಒಳಗಿನ ದ್ರವದ ಒತ್ತಡ. ಕಬ್ಬಿನ ಟ್ರೈಲರನ್ನು ಮೇಲಕ್ಕೆತ್ತುವ ಹೈಡ್ರಾಲಿಕ್ ಜ್ಯಾಕ್ ನೋಡಿದ್ದೀರಲ್ಲ, ಅದೇ ತತ್ವ. ಎಣ್ಣೆ ಸೋರಿದರೆ ಟ್ರೈಲರ್ ಕುಸಿಯುತ್ತದೆ. ಜೇಡ ಸತ್ತರೆ ಅಥವಾ ನೀರಿಲ್ಲದೆ ಬತ್ತಿದರೆ ಒತ್ತಡ ಇಳಿದು ಕಾಲುಗಳೆಲ್ಲ ಮೈ ಕೆಳಗೆ ಮುಷ್ಟಿಯ ಹಾಗೆ ಮುದುಡಿಕೊಳ್ಳುತ್ತವೆ. ಹಾಗೆ ಮುದುಡಿದ ಜೇಡ ಸಾಮಾನ್ಯವಾಗಿ ಹೊಟ್ಟೆ ಕೆಳಗಾಗಿ ಕೂತಂತೆಯೇ ಇರುತ್ತದೆ. ಅಂಗಾತ ಮಲಗಿ ಕಾಲು ಹರವಿಕೊಂಡಿದ್ದರೆ ಅದು ಬದುಕಿದೆ, ಕೆಲಸದಲ್ಲಿದೆ. ಕೆಲವು ಪಕ್ಕಕ್ಕೆ ವಾಲಿಯೂ ಪೊರೆ ಬಿಡುತ್ತವೆ, ಅದಕ್ಕೂ ಹೆದರಬೇಡಿ.

ಮುಂದಿನ ಸಲಕ್ಕೆ ಸೂಚನೆಗಳು ವಾರಗಳ ಮೊದಲೇ ಕಾಣುತ್ತವೆ. ತಿನ್ನುವುದು ನಿಲ್ಲಿಸುವುದು ಎಲ್ಲರಿಗೂ ಗೊತ್ತು, ಆದರೆ ಅದೊಂದನ್ನೇ ನಂಬಬೇಡಿ. ರೆಡ್ ನೀಗಳು ಸುಮ್ಮನೆ ಮನಸ್ಸಿಲ್ಲದೆಯೂ ತಿಂಗಳುಗಟ್ಟಲೆ ಉಪವಾಸ ಇರುತ್ತವೆ. ಹೊಟ್ಟೆ ದುಂಡಗೆ, ಬಿಗಿಯಾಗಿ ಇರುವವರೆಗೆ ಉಪವಾಸಕ್ಕೆ ಚಿಂತೆ ಇಲ್ಲ. ಅಮೆರಿಕ ಖಂಡದ ಜಾತಿಗಳಲ್ಲಿ ಇನ್ನೂ ಒಳ್ಳೆಯ ಗುರುತು ಹೊಟ್ಟೆಯ ಮೇಲಿನ ಬೋಳು. ಇವು ಹೆದರಿದಾಗ ಹಿಂಗಾಲಿನಿಂದ ಹೊಟ್ಟೆಯ ತುರಿಕೆ ಕೂದಲನ್ನು ಉಜ್ಜಿ ಗಾಳಿಗೆ ಹಾರಿಸುತ್ತವೆ, ಅಲ್ಲಿ ಚರ್ಮ ಕಾಣುತ್ತದೆ. ಮಾಮೂಲು ದಿನಗಳಲ್ಲಿ ಆ ಬೋಳು ತೆಳು ಕಂದು ಅಥವಾ ನಸುಗೆಂಪು. ಪೊರೆ ಹತ್ತಿರ ಬಂದಾಗ ಒಳಗೆ ಹೊಸ ಚರ್ಮದ ಮೇಲೆ ಹೊಸ ಕಪ್ಪು ಕೂದಲು ಸಿದ್ಧವಾಗಿ ಮಲಗಿರುತ್ತದೆ, ಅದು ಹಳೇ ಚರ್ಮದ ಮೂಲಕ ಕಂಡು ಬೋಳು ಇದ್ದಿಲಿನ ಬಣ್ಣಕ್ಕೆ ತಿರುಗುತ್ತದೆ. ಜೊತೆಗೆ ಮೊಣಕಾಲಿನ ಕೆಂಪು ಮಾಸುತ್ತದೆ, ನಡಿಗೆಯಲ್ಲಿ ಜಡತೆ ಬರುತ್ತದೆ, ಬಿಲದ ಬಾಯಿ ಮುಚ್ಚಿಕೊಳ್ಳುವುದೂ ಉಂಟು. ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ ಹೊಟ್ಟೆಯ ಫೋಟೊ ತೆಗೆದಿಟ್ಟುಕೊಳ್ಳಿ. ದಿನಾ ನೋಡುವ ಕಣ್ಣಿಗೆ ಈ ಬದಲಾವಣೆ ದಕ್ಕುವುದಿಲ್ಲ.

ಬೋಳು ಕಪ್ಪಾಯಿತು ಅಂದಕೂಡಲೇ ಮಾಡಬೇಕಾದ ಒಂದೇ ತುರ್ತು ಕೆಲಸ, ಪೆಟ್ಟಿಗೆಯೊಳಗೆ ಬಿಟ್ಟ ಆಹಾರವನ್ನು ತೆಗೆದುಬಿಡುವುದು. ಚಿಮ್ಮಂಡೆಯೋ ಜಿರಳೆಯೋ, ಒಂದು ಸಾಕು. ಮೆತ್ತಗಾದ ಜೇಡವನ್ನು ಅದು ಮೇಯಲು ಶುರುಮಾಡುತ್ತದೆ. ಬೇಟೆಗಾರನನ್ನು ಬೇಟೆಯೇ ತಿನ್ನುವ ಈ ಅವಸ್ಥೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ, ಮರೆಯುವಂಥದ್ದಲ್ಲ.

ಇನ್ನು ಆ ರಾತ್ರಿ. ನೀವು ಮಲಗಿದ್ದರಿಂದ ಏನೇನು ತಪ್ಪಿಸಿಕೊಂಡಿರಿ ಅನ್ನುವುದನ್ನು ಹೇಳಿಯೇ ತೀರಬೇಕು. ಅಂಗಾತವಾದ ಮೇಲೆ ಬಹಳ ಹೊತ್ತು ಏನೂ ಆಗುವುದಿಲ್ಲ. ಹೊರಗೆ ಏನೂ ಕಾಣುವುದಿಲ್ಲ ಅಷ್ಟೆ; ಒಳಗೆ ಹೃದಯ ಜೋರಾಗಿ ಬಡಿದು ಹೊಟ್ಟೆಯಲ್ಲಿನ ದ್ರವವನ್ನು ಮುಂಭಾಗಕ್ಕೆ ನೂಕುತ್ತಿರುತ್ತದೆ. ಹೊಟ್ಟೆ ಸಣ್ಣಗಾಗುತ್ತದೆ, ಮುಂಭಾಗ ಉಬ್ಬುತ್ತದೆ. ಹಳೇ ಚರ್ಮಕ್ಕೂ ಹೊಸದಕ್ಕೂ ನಡುವೆ ಒಂದು ದ್ರವ ತುಂಬಿರುತ್ತದೆ, ಅದು ಹಳೆಯದರ ಒಳಪದರವನ್ನು ಮೊದಲೇ ಕರಗಿಸಿ ತೆಳುವಾಗಿಸಿರುತ್ತದೆ. ಒತ್ತಡ ತಾಳಲಾರದೆ ಬೆನ್ನಿನ ಚಿಪ್ಪು ಅಂಚಿನಲ್ಲಿ ಬಿರಿದು, ಹಳೇ ಟ್ರಂಕಿನ ಮುಚ್ಚಳದ ಹಾಗೆ ತೆರೆದುಕೊಳ್ಳುತ್ತದೆ. ಆಮೇಲೆ ಹೊಟ್ಟೆಯ ಪಕ್ಕಗಳು ಸೀಳಿ ಚರ್ಮ ಹಿಂದಕ್ಕೆ ಸುಕ್ಕುಗಟ್ಟುತ್ತಾ ಜಾರುತ್ತದೆ. ಕೊನೆಗೆ ಕಾಲುಗಳು. ಇದೇ ಕಷ್ಟದ ಘಟ್ಟ. ಎಂಟು ಕಾಲು, ಬಾಯಿ ಪಕ್ಕದ ಎರಡು ಕೈಯಂಥ ಅಂಗಗಳು, ಕೋರೆಹಲ್ಲುಗಳು, ಎಲ್ಲವೂ ಒಟ್ಟಿಗೆ, ಎಳೆದು, ನಿಂತು, ಮತ್ತೆ ಎಳೆದು, ಒಂದೊಂದು ಸಲಕ್ಕೆ ಕೂದಲೆಳೆಯಷ್ಟು. ನೆನೆದ ಉದ್ದ ಕಾಲುಚೀಲವನ್ನು ಕೈ ಹಚ್ಚದೆ ಕಳಚಬೇಕು ಅಂತ ಯೋಚಿಸಿ, ಎಂಟು ಕಾಲಿಗೂ.

ಬೆರಳ ಉಗುರಿನಷ್ಟು ಮರಿಗೆ ಇಷ್ಟೆಲ್ಲ ಅರ್ಧ ಗಂಟೆಯೊಳಗೆ ಮುಗಿದೀತು. ನಿಮ್ಮದರಂಥದ್ದಕ್ಕೆ ಹಲವು ಗಂಟೆ. ದೊಡ್ಡ ಹೆಣ್ಣಿಗೆ ರಾತ್ರಿಯೆಲ್ಲ ಬೇಕಾದೀತು. ನಾನು ನೋಡುವಾಗ ದೀಪ ಆರಿಸಿ, ಕೆಂಪು ಕಾಗದ ಸುತ್ತಿದ ಟಾರ್ಚನ್ನು ದೂರ ಇಟ್ಟು, ಕಾಫಿ ಹಿಡಿದು ಕೂರುತ್ತೇನೆ. ಪೆಟ್ಟಿಗೆ ಇರುವ ಮೇಜನ್ನು ಒರಗುವುದೂ ಇಲ್ಲ. ನಡುಕ ಜೇಡಕ್ಕೆ ನಾವು ಕೂಗಿದ್ದಕ್ಕಿಂತ ಚೆನ್ನಾಗಿ ಕೇಳುತ್ತದೆ.

ಹೊರಬಂದದ್ದು ಒದ್ದೆಯಾಗಿ, ಮೆತ್ತಗೆ, ಬಣ್ಣಗಳು ಮಾತ್ರ ಕಣ್ಣು ಕುಕ್ಕುವ ಹಾಗೆ. ಇನ್ನೂ ಕೆಲಹೊತ್ತು ಅಂಗಾತವೇ ಇರುತ್ತದೆ, ಆಮೇಲೆ ತಾನೇ ಮಗುಚಿಕೊಳ್ಳುತ್ತದೆ. ಆಗಾಗ ಕಾಲುಗಳನ್ನು ಚಾಚಿ ಮಡಚಿ ಮಾಡುತ್ತದೆ. ಸುಸ್ತಿಗಲ್ಲ ಅದು, ಚರ್ಮ ಗಟ್ಟಿಯಾಗುವ ಮೊದಲು ಕೀಲುಗಳು ಬಿಗಿದುಕೊಳ್ಳದ ಹಾಗೆ ನೋಡಿಕೊಳ್ಳುವುದು.

ನೀರಿನ ಜಗಳಕ್ಕೆ ಬರುತ್ತೇನೆ. ಇಬ್ಬರೂ ಅರ್ಧರ್ಧ ಸರಿ. ಮೇಲೆ ಹೇಳಿದ್ದನ್ನೆಲ್ಲ ನಡೆಸುವುದು ದ್ರವದ ಒತ್ತಡ, ಆದ್ದರಿಂದ ಬೇಕಾದದ್ದು ಜೇಡದ ಹೊಟ್ಟೆಯೊಳಗಿನ ನೀರು, ಮೈಮೇಲಿನದಲ್ಲ. ವಾರಗಟ್ಟಲೆ ಮೊದಲಿನಿಂದಲೂ ಬಟ್ಟಲಿನಲ್ಲಿ ಕುಡಿಯುವ ನೀರು ತುಂಬಿರಬೇಕು. ಅಂಗಾತವಾದ ಮೇಲೆ ನೀರು ಚಿಮುಕಿಸಿದರೆ ಏನೂ ಉಪಯೋಗವಿಲ್ಲ, ಬೆಚ್ಚಿಬೀಳಿಸಿದಂತಾಗುತ್ತದೆ ಅಷ್ಟೆ. ಇಲ್ಲಿ ಅಜ್ಜಿಯ ಹುಳು ಮನೆಯ ಲೆಕ್ಕ ಹೊಂದುವುದಿಲ್ಲ ಅನ್ನುವುದನ್ನೂ ಹೇಳಬೇಕು: ಜ್ವರದ ಹೊತ್ತಿಗೆ ರೇಷ್ಮೆ ಹುಳುವಿನ ಹಾಸಿಗೆ ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸುತ್ತಾರೆ. ಜೇಡಕ್ಕೆ ಹಾಗೆ ಒಣಗಿಸಬೇಡಿ. ಮೈಸೂರಿನಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಗಾಳಿ ಒಣಗಿರುತ್ತದೆ. ಆಗ ಬೋಳು ಕಪ್ಪಾದರೆ ಪೆಟ್ಟಿಗೆಯ ನೆಲಕ್ಕೆ ಹಾಸಿದ ಕೋಕೋಪೀಟಿನ (ತೆಂಗಿನ ನಾರಿನ ಪುಡಿಯ) ಒಂದು ಮೂಲೆಗೆ ನೀರು ಸುರಿದು ತೇವ ಮಾಡಿ, ಉಳಿದದ್ದು ಒಣಗಿಯೇ ಇರಲಿ. ಎಲ್ಲಿ ಬೇಕೋ ಅಲ್ಲಿ ಅದೇ ಹೋಗಿ ಕೂರುತ್ತದೆ. ಪೆಟ್ಟಿಗೆಯನ್ನೆಲ್ಲ ಗದ್ದೆ ಮಾಡಿದರೆ ಬೂಷ್ಟು ಹಿಡಿಯುತ್ತದೆ. ಶಾಖದ ದೀಪ ನಮ್ಮ ಊರಿಗೆ ಬೇಕಿಲ್ಲ, ಅದು ಬರೀ ಒಣಗಿಸುತ್ತದೆ.

ಹುಳು ಮನೆಯಿಂದ ಕಲಿಯಬಹುದಾದ ಇನ್ನೊಂದು ಇದೆ, ಇರುವೆ. ತಟ್ಟೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಕೊಡುತ್ತಿದ್ದೆವು, ಹಾಲಿನ ಕಪಾಟಿಗೆ ಹಳೇ ಮನೆಗಳಲ್ಲಿ ಕೊಡುತ್ತಿದ್ದರಲ್ಲ, ಹಾಗೆ. ಮೆತ್ತಗಿನ ಜೇಡಕ್ಕೆ ಕೆಂಪಿರುವೆ ಹತ್ತಿದರೆ ಬೆಳಗಾಗುವುದರೊಳಗೆ ಮುಗಿಯಿತು. ಪೆಟ್ಟಿಗೆಯ ಕೆಳಗೊಂದು ನೀರು ತುಂಬಿದ ತಟ್ಟೆ ಇಡಿ, ಇರುವೆ ಸೀಮೆಸುಣ್ಣ ಗೀಚಬೇಡಿ. ಅದರಲ್ಲಿರುವ ಕೀಟನಾಶಕಕ್ಕೆ ಇರುವೆ, ಜೇಡ ಅನ್ನುವ ಭೇದ ಇಲ್ಲ. ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ಸೊಳ್ಳೆ ದ್ರವ, ಎಲ್ಲಕ್ಕೂ ಇದೇ ಮಾತು. ಬಡಾವಣೆಯಲ್ಲಿ ಹೊಗೆ ಹೊಡೆಯಲು ಬಂದ ದಿನ ಆ ಕೋಣೆಯ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ಇಡಿ.

ಸಿಕ್ಕಿಕೊಂಡರೆ ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಕೇಳಬೇಕಿತ್ತು. ಬಹಳ ವರ್ಷದ ಹಿಂದೆ ನನ್ನದೊಂದು ಜೇಡ ಹೀಗೇ ಎರಡು ಕಾಲು ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು. ಪ್ರಯೋಗಾಲಯದ ಚಿಮುಟ ಕೈಯಲ್ಲೇ ಇತ್ತು, ಕಲಿತವನೆಂಬ ಜಂಬವೂ ಇತ್ತು. ಹಳೇ ಚರ್ಮವನ್ನು ಮೆಲ್ಲಗೆ ಎಳೆದೆ. ಹೊಸ ಚರ್ಮ ಹಾಲಿನ ಕೆನೆಯಂತೆ ಹರಿಯಿತು. ಜೇಡದ ರಕ್ತ ಕೆಂಪಲ್ಲ, ಅದರಲ್ಲಿ ಕಬ್ಬಿಣದ ಬದಲು ತಾಮ್ರವಿರುವ ಹಿಮೋಸಯನಿನ್ ಇರುತ್ತದೆ, ತೆಳು ನೀಲಿ ಛಾಯೆಯ ನೀರಿನ ಹಾಗೆ. ಮೇಜಿನ ಮೇಲೆ ಬಿದ್ದದ್ದು ಬರೀ ನೀರು ಅಂದುಕೊಂಡೆ. ಬೆಳಗಿನ ಹೊತ್ತಿಗೆ ಜೇಡ ಬದುಕಿರಲಿಲ್ಲ. ಅಂದಿನಿಂದ ಪೊರೆಯ ರಾತ್ರಿ ಚಿಮುಟವನ್ನು ಬೇರೆ ಕೋಣೆಯಲ್ಲಿ ಇಡುತ್ತೇನೆ.

ಹಾಗಾದರೆ ಮಾಡಬಹುದಾದದ್ದು ಇಷ್ಟೇ: ಅರ್ಧ ದಿನಕ್ಕೂ ಹೆಚ್ಚು ಹೊತ್ತು ಕಳೆದು, ಜೇಡ ಎಳೆಯುವುದನ್ನೇ ನಿಲ್ಲಿಸಿದ್ದರೆ, ಮೆತ್ತನೆಯ ಚಿತ್ರದ ಕುಂಚವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಸಿಕ್ಕಿಕೊಂಡ ಹಳೇ ಚರ್ಮವನ್ನು ನೆನೆಸಿ. ಹೊಟ್ಟೆಯ ಕೆಳಮೈಯಲ್ಲಿ, ಮುಂಭಾಗಕ್ಕೆ, ನಾಲ್ಕು ಬಿಳಿ ಮಚ್ಚೆಗಳಿವೆ. ಅವು ಉಸಿರಾಟದ ಜಾಗ, ಅಲ್ಲಿಗೆ ನೀರು ತಾಗಬಾರದು. ನೆನೆಸಿ ಬಿಟ್ಟುಬಿಡಿ, ಎಳೆಯಬೇಡಿ. ಒಂದು ಕಾಲು ಹೋದರೆ ಹೋಗಲಿ, ನಿಮ್ಮದರ ಹಾಗೆ ಅದೇ ಕಳಚಿಕೊಳ್ಳುತ್ತದೆ. ಎಲ್ಲಾದರೂ ಸೋರುತ್ತಿದ್ದರೆ ಅಡುಗೆಮನೆಯ ಕಾರ್ನ್‌ಫ್ಲೋರನ್ನು ಕುಂಚದ ತುದಿಯಲ್ಲಿ ಉದುರಿಸಿದರೆ ಹೆಪ್ಪುಗಟ್ಟಲು ಆಸರೆಯಾಗುತ್ತದೆ.

ಆಹಾರಕ್ಕೆ ದಿನ ಎಣಿಸಬೇಡಿ, ಹಲ್ಲು ನೋಡಿ. ಪೊರೆ ಬಿಟ್ಟ ದಿನ ಕೋರೆಹಲ್ಲು ಬೆಳ್ಳಗೆ, ಆಮೇಲೆ ಕೆಂಪಗೆ, ಕೊನೆಗೆ ಕರಿಮಣಿಯಂತೆ ಕಪ್ಪಗೆ. ಕಪ್ಪಾಗದ ಹಲ್ಲು ಚಿಮ್ಮಂಡೆಯ ಬೆನ್ನಿಗೆ ತಾಗಿದರೆ ಬಾಗುತ್ತದೆ. ಜೇಡ ಗಾಜಿಗೆ ಹತ್ತಿದಾಗ ಕೆಳಗಿನಿಂದ ನೋಡಿದರೆ ಹಲ್ಲು ಕಾಣುತ್ತದೆ. ನಿಮ್ಮದರ ಗಾತ್ರಕ್ಕೆ ಹತ್ತು ದಿನ ಸಾಮಾನ್ಯವಾಗಿ ಸಾಕು, ಆದರೆ ಕಾಲು ಕಳೆದುಕೊಂಡದ್ದರಿಂದ ನಾನಾಗಿದ್ದರೆ ಇನ್ನೊಂದು ವಾರ ತಡೆಯುತ್ತಿದ್ದೆ. ಮೊದಲ ಊಟ ಸಣ್ಣದಿರಲಿ, ತಲೆ ಜಜ್ಜಿ ಕೊಡಿ, ರಾತ್ರಿ ಮುಟ್ಟದಿದ್ದರೆ ಬೆಳಗ್ಗೆ ತೆಗೆದುಬಿಡಿ. ಬಟ್ಟಲಿನ ನೀರು ಮಾತ್ರ ಮೊದಲ ದಿನದಿಂದಲೇ.

ಕಾಗದಪತ್ರದ ಬಗ್ಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ರೆಡ್ ನೀ ಸೇರಿದ ಬ್ರಾಕಿಪೆಲ್ಮಾ ಕುಲವೆಲ್ಲ ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟೀಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಇಂಥ ಜೀವಿ ಸಾಕುವವರು ನೋಂದಣಿ ಮಾಡಿಸಬೇಕು. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ಲಿನಲ್ಲಿ ಮಾಡಬಹುದು. ಮಾರಿದವರು ಬಿಲ್ಲು ಕೊಡದಿದ್ದರೆ ಈಗಲಾದರೂ ಕೇಳಿ. ಮತ್ತು ದಯವಿಟ್ಟು ಕಾಡಿನಿಂದ ಹಿಡಿದು ತಂದದ್ದನ್ನು ಕೊಳ್ಳಬೇಡಿ. ನಮ್ಮ ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿ ಪೀಸಿಲೋಥೀರಿಯಾ ಸ್ಟ್ರೈಯಾಟಾ ಅನ್ನುವ ಸೊಗಸಾದ ಟರಾಂಟುಲಾ ಇದೆ, 1895ರಲ್ಲಿ ಪ್ರಾಣಿಶಾಸ್ತ್ರಜ್ಞ ಪೊಕಾಕ್ ವಿವರಿಸಿದ್ದು. ಸಾಕುವವರ ಲೋಕದಲ್ಲಿ ಅದರ ಹೆಸರು ಮೈಸೂರು ಆರ್ನಮೆಂಟಲ್. ಆ ಕುಲವೂ 2019ರಲ್ಲಿ ಅದೇ ಪಟ್ಟಿ ಸೇರಿತು. ನಮ್ಮೂರಿನ ಹೆಸರಿದೆ ಅಂತ ಆಸೆಪಟ್ಟು ಕೇಳುವ ಹುಡುಗರಿದ್ದಾರೆ. ಅದಕ್ಕೆ ತುರಿಕೆ ಕೂದಲಿಲ್ಲ, ಆದ್ದರಿಂದ ಬೋಳು ನೋಡಿ ಪೊರೆ ಗುರುತಿಸುವ ಸೌಕರ್ಯವೂ ಇಲ್ಲ. ಕಚ್ಚಿದರೆ ಸ್ನಾಯು ಸೆಳೆತ ದಿನಗಟ್ಟಲೆ ಕಾಡುತ್ತದೆ. ಪೊಟರೆಯಲ್ಲೇ ಇರಲಿ.

ಅಮ್ಮನ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಧಾರಾಳವಾಗಿ ಇಡಿ, ಆದರೆ ಮೊದಲು ಅದನ್ನು ಓದಿಕೊಳ್ಳಿ. ಕೈಗವಸು ಹಾಕಿ, ಪೊರೆಯ ಮೇಲಿನ ಕೂದಲು ಹಾರಿ ಕಣ್ಣಿಗೆ ಬಿದ್ದರೆ ಜೇಡ ಹಾರಿಸಿದಷ್ಟೇ ಉರಿ. ಹೊಟ್ಟೆಯ ಚರ್ಮ ಬಾಡಿದ ವೀಳ್ಯದೆಲೆಯ ಹಾಗೆ ಮುದುಡಿರುತ್ತದೆ. ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದ ನೀರಿನಲ್ಲಿ ನೆನೆಸಿ, ಕುಂಚದಿಂದ ಬಿಡಿಸಿ, ಒಳಮೈ ಮೇಲೆ ಬರುವ ಹಾಗೆ ಹರಡಿ. ಉಸಿರಾಟದ ನಾಲ್ಕು ಬಿಳಿ ತೇಪೆ ಕಾಣುತ್ತವೆ. ಜೇಡ ಹೊರಚರ್ಮದ ಜೊತೆಗೆ ಆ ಉಸಿರಾಟದ ಅಂಗಗಳ ಒಳಪದರವನ್ನೂ, ಜಠರದ ಒಳಪದರವನ್ನೂ, ಹಲ್ಲನ್ನೂ ಕಳಚಿ ಹಾಕುತ್ತದೆ. ಮುಂದಿನ ಎರಡು ತೇಪೆಗಳ ನಡುವೆ ಸಣ್ಣ ಜೇಬಿನಂಥ ಮಡಿಕೆ ಎದ್ದು ನಿಂತಿದ್ದರೆ ನಿಮ್ಮದು ಹೆಣ್ಣು, ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳಬಹುದು, ದೊಡ್ಡದಾದ ಮೇಲೂ ಪೊರೆ ಬಿಡುತ್ತಲೇ ಇರುತ್ತದೆ. ಅಲ್ಲಿ ಏನೂ ಇಲ್ಲದೆ ನುಣುಪಾಗಿದ್ದರೆ ಬಹುಶಃ ಗಂಡು. ಗಂಡಿಗೆ ಪ್ರಾಯಕ್ಕೆ ಬರುವ ಪೊರೆಯೇ ಸಾಮಾನ್ಯವಾಗಿ ಕೊನೆಯದು, ಅಷ್ಟರೊಳಗೆ ಕಾಲು ಪೂರ್ತಿ ಬೆಳೆಯದಿದ್ದರೆ ಹಾಗೇ ಉಳಿಯುತ್ತದೆ.

ನೋಡಿಯಾದ ಮೇಲೆ ಇನ್ನೂ ಮೆತ್ತಗಿರುವಾಗಲೇ ಥರ್ಮೋಕೋಲಿನ ಮೇಲೆ ಕಾಲುಗಳನ್ನು ಗುಂಡುಸೂಜಿಗಳ ಆಸರೆಯಲ್ಲಿ ಹರಡಿ, ನೆರಳಿನಲ್ಲಿ ಎರಡು ದಿನ ಒಣಗಿಸಿ, ಗಾಜಿನ ಮುಚ್ಚಳದ ಡಬ್ಬಿಗೆ ಹಾಕಿ. ಮೂರನೆಯ ಎಡಗಾಲು ಪೊರೆಯೊಳಗೇ ಇದೆಯಲ್ಲ, ಅದರಲ್ಲಿ ಮಾಂಸವಿದೆ, ಕೊಳೆಯುತ್ತದೆ. ಆ ಒಂದನ್ನು ಬುಡದಲ್ಲಿ ಕತ್ತರಿಸಿ ತೆಗೆದುಬಿಡಿ. ಹುಳ ಬೀಳಬಾರದು ಅಂತ ಅಮ್ಮ ನುಸಿಗುಳಿಗೆ ಹಾಕುವುದಾದರೆ, ಆ ಷೋಕೇಸು ಜೇಡ ಇರುವ ಕೋಣೆಯಲ್ಲಿ ಬೇಡ.